ಹೇಳಿ ಕಳಿಸಿದ್ದಾರೆ

ಕಾಫಿ ತಪ್ಪಿದರೆ ತಲೆ ಸಿಡಿಯುತ್ತದೆ ಎಂಬುದನ್ನು ನಮ್ಮ ಕಡೆಯವರಿಗೆ ಯಾವ ಡಾಕ್ಟರೂ ಹೇಳಬೇಕಾಗಿಲ್ಲ. ಹಾಗಾಗಿ ಎಲೆನ್ ಕ್ರೈಟನ್ ತಲೆನೋವೆಂದು ಹಾಸಿಗೆ ಹಿಡಿದಾಗ, ಪುಸ್ತಕದಲ್ಲಿ ಕಾರಣ ಬರುವ ಮೊದಲೇ ನನಗೆ ಗೊತ್ತಾಗಿಬಿಟ್ಟಿತು. ಅಮೆರಿಕದ ಅಂತರ್ಯುದ್ಧದ ಕಾಲ. ಕಾಫಿ ಬೆಲೆ ಕೈಗೆ ಸಿಗದಷ್ಟು ಏರಿದೆ. ಮನೆಗೆ ಕಷ್ಟ ಬಂದಾಗ ಹೆಂಗಸು ಮೊದಲು ಬಿಡುವುದು ತನಗೆ ಬೇಕಾದದ್ದನ್ನೇ ತಾನೆ? ಎಲೆನ್ ಕಾಫಿ ಬಿಟ್ಟಳು, ಮಲಗಿದಳು. ಫಿರಂಗಿ, ಬಾವುಟ, ಲಿಂಕನ್ನರ ಭಾಷಣ ಯಾವುದೂ ಮುಟ್ಟದ ನನ್ನನ್ನು ಆ ತಲೆನೋವು ಮುಟ್ಟಿತು.

ಪುಸ್ತಕ ಮೊಮ್ಮಗನದು, ಸ್ಕೂಲಿನಲ್ಲಿ ಓದಲು ಕೊಟ್ಟದ್ದು. ಶಿಕಾಗೊ ಹತ್ತಿರದ ಮಗಳ ಮನೆಯಲ್ಲಿ ನನಗಿದ್ದ ಉದ್ಯೋಗವೆಂದರೆ ಡಿಶ್‌ವಾಷರಿನಿಂದ ಪಾತ್ರೆ ತೆಗೆದು ತಪ್ಪು ಜಾಗದಲ್ಲಿ ಜೋಡಿಸುವುದು. ಉಳಿದ ಹೊತ್ತಿನಲ್ಲಿ ಅವನು ಓದದೆ ಸೋಫಾ ಮೇಲೆ ಬಿಟ್ಟದ್ದನ್ನು ನಾನು ಓದುತ್ತಿದ್ದೆ. ಐರೀನ್ ಹಂಟ್ ಎಂಬ ಶಾಲಾ ಶಿಕ್ಷಕಿ 1964ರಲ್ಲಿ ಪ್ರಕಟಿಸಿದ ‘ಅಕ್ರಾಸ್ ಫೈವ್ ಏಪ್ರಿಲ್ಸ್’ ಅದು. ಆಕೆಯ ಮೊದಲ ಕಾದಂಬರಿ, ಆಗ ಆಕೆಗೆ ಐವತ್ತು ದಾಟಿತ್ತು. ಅಜ್ಜ ಹೇಳಿದ ಕಥೆಗಳಿಂದ, ಮನೆಯಲ್ಲಿದ್ದ ಹಳೆಯ ಕಾಗದಗಳಿಂದ ಬರೆದದ್ದಂತೆ. ಮೊಮ್ಮಕ್ಕಳು ಕೇಳಿಸಿಕೊಳ್ಳುತ್ತಿದ್ದ ಕಾಲವೂ ಒಂದಿತ್ತು ಎಂಬುದಕ್ಕೆ ಅದೊಂದು ಪುರಾವೆ.

ಕಥೆ ಶುರುವಾಗುವುದು 1861ರ ಏಪ್ರಿಲ್‌ನಲ್ಲಿ, ತಾಯಿ ಎಲೆನ್ ಮತ್ತು ಕಿರಿಮಗ ಜೆತ್ರೊ ಆಲೂಗಡ್ಡೆ ನೆಡುತ್ತಿರುವಲ್ಲಿ. ಊರು ಇಲಿನಾಯ್ಸಿನ ದಕ್ಷಿಣ ಭಾಗದ್ದು. ಭೂಪಟ ತೆಗೆದು ನೋಡಿದರೆ ಆ ರಾಜ್ಯದ ಬಾಲ ಕೆಂಟಕಿ ಮತ್ತು ಮಿಸೌರಿಗಳ ನಡುವೆ ಚೂಪಾಗಿ ಇಳಿದುಬಿಟ್ಟಿದೆ. ಸರ್ಕಾರ ಉತ್ತರದ್ದು, ನೆಂಟರಿಷ್ಟರು ದಕ್ಷಿಣದವರು. ಊಟಕ್ಕೆ ಕೂತರೆ ಕೆಂಟಕಿಯಿಂದ ಬಂದ ಸೋದರ ಸಂಬಂಧಿ ಒಂದು ಹೇಳುತ್ತಾನೆ, ಮನೆಯ ಹುಡುಗರು ಇನ್ನೊಂದು ಹೇಳುತ್ತಾರೆ. ಜಾನ್, ಬಿಲ್ ಇಬ್ಬರೂ ಅವಳಿಗಳಂತೆ ಬೆಳೆದ ಅಣ್ಣತಮ್ಮಂದಿರು. ಕೊನೆಗೆ ಇಬ್ಬರೂ ಹೊಡೆದಾಡುತ್ತಾರೆ. ಮುಖ ಊದಿಸಿಕೊಂಡ ಬಿಲ್ ದಕ್ಷಿಣದ ಸೈನ್ಯಕ್ಕೆ ಸೇರಲು ಹೊರಡುತ್ತಾನೆ. ಜಾನ್ ಮತ್ತು ಇನ್ನೊಬ್ಬ ಅಣ್ಣ ಟಾಮ್ ಉತ್ತರದ ಕಡೆ. ಒಂಬತ್ತು ವರ್ಷದ ಜೆತ್ರೊಗೆ ಎಲ್ಲರಿಗಿಂತ ಇಷ್ಟವಾದ ಅಣ್ಣ ಬಿಲ್ಲೇ. ಅವನಿಗೆ ಉಳಿದದ್ದು ಹೊಲ.

ಯುದ್ಧಕ್ಕೆ ಹೋದವರು ಇಂಥ ಪುಸ್ತಕಗಳಲ್ಲಿ ನೇಪಥ್ಯಕ್ಕೆ ಸರಿಯುತ್ತಾರೆ. ಅದೇ ಇವುಗಳ ಸೊಗಸು. ಆಮೇಲೆ ಅಪ್ಪನೂ ಕುಸಿದುಬಿದ್ದಾಗ ಉಳುಮೆ ಮಗುವಿನ ಹೆಗಲಿಗೆ ಬರುತ್ತದೆ. ಹತ್ತು ವರ್ಷದ ಪೋರ ಗಾಡಿ ಹೂಡಿಕೊಂಡು ಒಬ್ಬನೇ ಪೇಟೆಗೆ ಹೋದರೆ, ಅಂಗಡಿಯಲ್ಲಿ ಕೂತ ದೊಡ್ಡ ಮನುಷ್ಯರು ಅವನನ್ನು ನಿಲ್ಲಿಸಿ ಬಿಲ್ಲನ ವಿಚಾರ ಕೆದಕುತ್ತಾರೆ. ದ್ರೋಹಿಯ ಮನೆಯೆಂದು ಇವರ ಕೊಟ್ಟಿಗೆಗೆ ಬೆಂಕಿ ಬೀಳುತ್ತದೆ, ಬಾವಿಗೆ ಸೀಮೆಎಣ್ಣೆ ಬೀಳುತ್ತದೆ. ಹಾಗೆ ಮಾಡಿದವರಿಗೆ ಇದೇ ಮನೆಯ ಇಬ್ಬರು ಗಂಡುಮಕ್ಕಳು ಉತ್ತರದ ಪರ ಹೋರಾಡುತ್ತಿರುವುದು ಲೆಕ್ಕಕ್ಕಿಲ್ಲ.

ಅಂಗಡಿಯ ಆ ಭಾಗ ಓದುವಾಗ ನನಗೆ ಬೆವರಿತು. ಯಾಕೆಂದರೆ ಅಂಥ ವಿಚಾರಣೆ ನನಗೂ ಆಗಿದೆ. ತಿಪಟೂರಿನ ಕಡೆ ನಮ್ಮಪ್ಪನಿಗೂ ದೊಡ್ಡಪ್ಪನಿಗೂ ಬದುವಿನ ಮೇಲಿನ ಒಂದು ತೆಂಗಿನ ಮರದ ವಿಷಯಕ್ಕೆ ಮಾತು ಬಿಟ್ಟುಹೋಗಿತ್ತು. ಕಾಯಿ ಯಾರ ಕಡೆ ಬಿದ್ದರೆ ಅವರಿಗೆ ಎಂದು ಪಂಚಾಯ್ತಿ ಮಾಡಿದ್ದೇ ತಪ್ಪು. ಮರ ಗಾಳಿ ಬಂದ ಕಡೆ ವಾಲುತ್ತಿತ್ತು. ಕೇಸು ತಾಲ್ಲೂಕು ಕೋರ್ಟಿಗೆ ಹೋಯಿತು. ಎರಡು ಮನೆಗೂ ಒಂದೇ ಗೋಡೆ. ಗೋಡೆಗೆ ಕಿವಿ ಇದ್ದರೂ ಬಾಯಿ ಇರಲಿಲ್ಲ, ಆದ್ದರಿಂದ ನಾನು ಬೇಕಾಗಿದ್ದೆ. ಹಿಂದಿನ ಬಾಗಿಲಿಂದ ಹೋಗಿ “ಅಪ್ಪ ಹೇಳಿ ಕಳಿಸಿದ್ದಾರೆ” ಅನ್ನಬೇಕು, ಅಲ್ಲಿಂದ ಬಂದು “ದೊಡ್ಡಪ್ಪ ಹೇಳಿ ಕಳಿಸಿದ್ದಾರೆ” ಅನ್ನಬೇಕು. ನಡುವೆ ದೊಡ್ಡಮ್ಮ ಕೈಗೊಂದು ಚಕ್ಕುಲಿ ಕೊಟ್ಟು, “ನಿಮ್ಮಪ್ಪ ಇವತ್ತು ಬಿಳಿ ಪಂಚೆ ಉಟ್ಕೊಂಡು ಎಲ್ಲಿಗೆ ಹೋಗಿದ್ರು ಮಗಾ, ವಕೀಲರ ಮನೆಗಾ?” ಎಂದು ಸುಮ್ಮನೆ ಕೇಳಿದ ಹಾಗೆ ಕೇಳುತ್ತಿದ್ದರು.

ಇಂಗ್ಲೆಂಡಿನವರಲ್ಲಿ ಇದಕ್ಕೊಂದು ಚಿತ್ರವೇ ಇದೆ. ವಿಲಿಯಮ್ ಫ್ರೆಡ್ರಿಕ್ ಯೀಮ್ಸ್ 1878ರಲ್ಲಿ ಬರೆದದ್ದು, ಈಗ ಲಿವರ್‌ಪೂಲಿನ ವಾಕರ್ ಗ್ಯಾಲರಿಯಲ್ಲಿದೆ. ಹದಿನೇಳನೆಯ ಶತಮಾನದ ಅವರ ಅಂತರ್ಯುದ್ಧದಲ್ಲಿ ರಾಜನ ಪಕ್ಷದ ಮನೆಯೊಂದನ್ನು ಪಾರ್ಲಿಮೆಂಟಿನವರು ಹಿಡಿದಿದ್ದಾರೆ. ನೀಲಿ ರೇಷ್ಮೆ ಬಟ್ಟೆಯ ಪುಟ್ಟ ಹುಡುಗ ಮಣೆಯ ಮೇಲೆ ನೆಟ್ಟಗೆ ನಿಂತಿದ್ದಾನೆ. ಮೇಜಿನ ಆಚೆ ಕೂತ ಅಧಿಕಾರಿ, ನಿಮ್ಮಪ್ಪನನ್ನು ಕೊನೆಯ ಸಲ ನೋಡಿದ್ದು ಯಾವಾಗ ಎಂದು ಕೇಳುತ್ತಿದ್ದಾನೆ. ಹಿಂದೆ ಅವನ ಅಕ್ಕ ತನ್ನ ಸರದಿಗೆ ಕಾಯುತ್ತಾ ಅಳುತ್ತಿದ್ದಾಳೆ. ನಿಜ ಹೇಳಬೇಕೆಂದು ಕಲಿಸಿದ್ದಾರೆ. ನಿಜ ಹೇಳಿದರೆ ಅಪ್ಪ ಸಿಕ್ಕಿಬೀಳುತ್ತಾನೆ. ಮುಂದೇನಾಯಿತೆಂದು ಚಿತ್ರಕಾರ ಹೇಳುವುದಿಲ್ಲ. ಈ ಚಿತ್ರವನ್ನು ಮೇಡಮ್ ಟುಸಾಡ್ಸ್‌ನವರು ಮೇಣದ ಬೊಂಬೆಗಳಲ್ಲೂ ಮಾಡಿಟ್ಟಿದ್ದರು. ಅಧಿಕಾರಿಯ ಮುಖ ನೋಡಿ, ಅವನೇನೂ ಕ್ರೂರಿಯಲ್ಲ. ಕೈಯಲ್ಲಿ ಒಂದು ಚಕ್ಕುಲಿ ಇಲ್ಲ, ಅಷ್ಟೆ.

ಅದೇ ಯುದ್ಧದ ಮೇಲೆ ಕ್ಯಾಪ್ಟನ್ ಮ್ಯಾರಿಯಟ್ 1847ರಲ್ಲಿ ‘ದ ಚಿಲ್ಡ್ರನ್ ಆಫ್ ದ ನ್ಯೂ ಫಾರೆಸ್ಟ್’ ಬರೆದ. ತಂದೆ ನೇಸ್ಬಿ ಯುದ್ಧದಲ್ಲಿ ಸತ್ತ, ಮನೆ ಸುಟ್ಟುಹೋಯಿತು. ನಾಲ್ಕು ಮಕ್ಕಳನ್ನು ಮುದುಕನೊಬ್ಬ ಕಾಡಿನ ಗುಡಿಸಲಿನಲ್ಲಿ ತನ್ನ ಮೊಮ್ಮಕ್ಕಳೆಂದು ಬಚ್ಚಿಟ್ಟು ಸಾಕುತ್ತಾನೆ. ಚಿಕ್ಕಂದಿನಲ್ಲಿ ಓದಿದಾಗ ಮಹದಾನಂದವಾಗಿತ್ತು. ಈಗ ನೋಡಿದರೆ ಅನುಮಾನ. ಆ ಮಕ್ಕಳು ಬೇಟೆ, ಬೇಸಾಯ, ಅಡುಗೆ, ಬಟ್ಟೆ ಒಗೆಯುವುದು ಎಲ್ಲವನ್ನೂ ಚಕಚಕನೆ ಕಲಿತುಬಿಡುತ್ತಾರೆ. ಎರಡನೆಯ ಹುಡುಗ ಹಂಫ್ರಿ ಕಾಡುದನವನ್ನೇ ಹಿಡಿದು ಹಾಲು ಕರೆಯುತ್ತಾನೆ! ಕೊಟ್ಟಿಗೆಯಲ್ಲಿ ಹುಟ್ಟಿದ ಎಮ್ಮೆ ನನಗೆ ಒದ್ದಿದೆ, ನಾನು ನಂಬಲಾರೆ. ಹಿರಿಯವನು ಶತ್ರುಪಕ್ಷದ ಅಧಿಕಾರಿಯ ಮಗಳನ್ನೇ ಮೆಚ್ಚುತ್ತಾನೆ, ನಮ್ಮ ಸಿನಿಮಾದಂತೆ ಎಲ್ಲವೂ ಸುಸೂತ್ರ. ಯುದ್ಧ ಮುಗಿದು ಇನ್ನೂರು ವರ್ಷವಾದ ಮೇಲೆ ಬರೆದರೆ ಅಂತರ್ಯುದ್ಧವೂ ಪಿಕ್‌ನಿಕ್ಕಾಗುತ್ತದೆಯೋ ಏನೋ. ರೋಸ್‌ಮರಿ ಸಟ್‌ಕ್ಲಿಫ್ 1953ರ ‘ಸೈಮನ್’ನಲ್ಲಿ ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ಒಟ್ಟಿಗೆ ಬೆಳೆದ ಇಬ್ಬರು ಗೆಳೆಯರು, ಒಬ್ಬ ಪಾರ್ಲಿಮೆಂಟಿಗೆ, ಒಬ್ಬ ರಾಜನಿಗೆ. ಓದುತ್ತಾ ಓದುತ್ತಾ ಯಾರು ಗೆಲ್ಲಲಿ ಎಂದು ಹರಕೆ ಹೊರುವುದೋ ತಿಳಿಯುವುದಿಲ್ಲ.

ಇವೆಲ್ಲ ಕಟ್ಟಿದ ಕಥೆ ಎನ್ನುವವರಿಗೆ ಕೆಂಟಕಿಯ ಸೆನೆಟರ್ ಜಾನ್ ಕ್ರಿಟೆಂಡನ್ ಇದ್ದಾನೆ. ಯುದ್ಧ ತಪ್ಪಿಸಲು 1860ರ ಡಿಸೆಂಬರಿನಲ್ಲಿ ರಾಜಿಸೂತ್ರ ಮಂಡಿಸಿದವನು. ಅದು ಬಿದ್ದುಹೋಯಿತು. ಒಬ್ಬ ಮಗ ಉತ್ತರದ ಜನರಲ್, ಇನ್ನೊಬ್ಬ ಮಗ ದಕ್ಷಿಣದ ಜನರಲ್. ದೇಶಕ್ಕೆ ಪಂಚಾಯ್ತಿ ಹೇಳಲು ಹೋದವನ ಮನೆಯಲ್ಲೇ ಹೀಗೆ.

ನಮ್ಮಲ್ಲಿ ಇದರ ಮೂಲವೇ ಇದೆಯಲ್ಲ ಎನ್ನುತ್ತೀರಿ. ಇದೆ. ಕೌರವರನ್ನು ಬಿಟ್ಟು ಪಾಂಡವರ ಕಡೆ ಬಂದ ಯುಯುತ್ಸು ಇದ್ದಾನೆ, ಈ ತಲೆನೋವೇ ಬೇಡವೆಂದು ತೀರ್ಥಯಾತ್ರೆಗೆ ಹೊರಟ ಬಲರಾಮ ಇದ್ದಾನೆ, ಎರಡೂ ಕಡೆಯವರು ಬೇಡವೆಂದ ರುಕ್ಮಿ ಇದ್ದಾನೆ. ಅಕ್ಷೋಹಿಣಿಗಳ ಲೆಕ್ಕ ಪಕ್ಕಾ. ಆದರೆ ಆ ಹದಿನೆಂಟು ದಿನ ಹಸ್ತಿನಾವತಿಯಲ್ಲಿ ಹಸುಗಳನ್ನು ಕರೆದವರು ಯಾರು? ಅಲ್ಲಿನ ಹತ್ತು ವರ್ಷದ ಹುಡುಗನೊಬ್ಬ, ಯಾರಾದರೂ ತಿರುಗಿ ಬಂದರೆ ಯಾವ ದೊಡ್ಡಪ್ಪ ಬಂದರೆಂದು ನೋಡಲು ಊರಬಾಗಿಲಿಗೆ ಓಡಲಿಲ್ಲವೇ? ವ್ಯಾಸರಿಗೆ ಪುರುಸೊತ್ತಾಗಲಿಲ್ಲ; ನಮ್ಮ ಮಕ್ಕಳ ಲೇಖಕರಿಗಾದರೂ ಆಗಬೇಕಿತ್ತು.

ದೊಡ್ಡವರ ಯುದ್ಧ ಸೋರುವುದು ಇಂಥ ಸಣ್ಣ ತೂತುಗಳಲ್ಲೇ. ಅಮೆರಿಕದ ಆ ಯುದ್ಧದಲ್ಲಿ ದಕ್ಷಿಣದವರಿಗೆ ಹೊಗೆಸೊಪ್ಪು ಬೇಕಾದಷ್ಟಿತ್ತು, ಕಾಫಿ ಇರಲಿಲ್ಲ. ಬಂದರುಗಳಿಗೆಲ್ಲ ಉತ್ತರದವರ ದಿಗ್ಬಂಧನ. ಚಿಕೋರಿ, ರೈ ಕಾಳು, ಗೆಣಸು ಏನು ಸಿಕ್ಕರೆ ಅದನ್ನು ಹುರಿದು ಕುದಿಸಿ ಕುಡಿಯುತ್ತಿದ್ದರು. (ಚಿಕೋರಿಯನ್ನು ಕೈಯಾರೆ ಕಾಸು ಕೊಟ್ಟು ಬೆರೆಸಿಕೊಳ್ಳುವ ನಾವು ಅವರನ್ನು ನೋಡಿ ಅಯ್ಯೋ ಎನ್ನುವ ಹಾಗಿಲ್ಲ.) ಉತ್ತರದವರಿಗೆ ಕಾಫಿ ಇತ್ತು, ಹೊಗೆಸೊಪ್ಪಿಗೆ ಬರ. ವರ್ಜೀನಿಯಾದ ರಪಹಾನಕ್ ನದಿಯ ಎರಡು ದಡದಲ್ಲಿ ಕಾವಲಿದ್ದ ಸಿಪಾಯಿಗಳು ಹಲಗೆ ತುಂಡಿನಲ್ಲಿ ಪುಟ್ಟ ದೋಣಿ ಮಾಡಿ, ಹಾಯಿ ಕಟ್ಟಿ, ಈ ಕಡೆಯಿಂದ ಕಾಫಿ, ಆ ಕಡೆಯಿಂದ ಹೊಗೆಸೊಪ್ಪು ತೇಲಿಬಿಡುತ್ತಿದ್ದರು. ಅಧಿಕಾರಿಗಳು ಬೇಡವೆಂದರೂ ಬಿಡಲಿಲ್ಲ. ನಮ್ಮಲ್ಲಿ ಅದು ಹೆಪ್ಪಿನ ಲೋಟ. ಕೇಸು ನಡೆದಷ್ಟು ಕಾಲವೂ ಅಮ್ಮನ ಮೊಸರು ಕೆಟ್ಟರೆ ಹಿತ್ತಲ ಗೋಡೆಯ ಮೇಲೆ ಖಾಲಿ ಲೋಟ ಕೂರುತ್ತಿತ್ತು. ಸ್ವಲ್ಪ ಹೊತ್ತಿಗೆ ತಳದಲ್ಲಿ ಎರಡು ಚಮಚ ಮೊಸರು. ಅಪ್ಪ ಪ್ರತಿವಾದಿಯ ಮೊಸರನ್ನೇ ಅನ್ನಕ್ಕೆ ಕಲಸಿಕೊಂಡು ವಾದಿಯ ಅಹವಾಲು ಓದುತ್ತಿದ್ದರು.

ಕಾದಂಬರಿಯಲ್ಲಿ ಟಾಮ್ ಸಾಯುವುದು ಪಿಟ್ಸ್‌ಬರ್ಗ್ ಲ್ಯಾಂಡಿಂಗ್ ಎಂಬಲ್ಲಿ. ಚರಿತ್ರೆಯಲ್ಲಿ ಶೈಲೊ ಎಂದು ಹೆಸರಾದ 1862ರ ಏಪ್ರಿಲ್ ಕದನ. ಮನೆಯಲ್ಲಿ ಯಾರೂ ಬಾಯಿಬಿಟ್ಟು ಆಡದ ಒಂದು ಪ್ರಶ್ನೆ ಆ ದಿನದಿಂದ ಕೂತುಬಿಡುತ್ತದೆ: ಆ ದಿನ ಎದುರಿನ ಸಾಲಿನಲ್ಲಿ ಬಿಲ್ ಇದ್ದನೇ? ಉತ್ತರ ಬರಲು ಎರಡೂವರೆ ವರ್ಷ ಹಿಡಿಯುತ್ತದೆ. ನ್ಯಾಶ್‌ವಿಲ್ ಕದನದ ನಂತರ ಜಾನ್‌ಗೆ ಸೆರೆಸಿಕ್ಕವರ ನಡುವೆ ಬಿಲ್ ಸಿಗುತ್ತಾನೆ. ಇಬ್ಬರೂ ಒಂದಷ್ಟು ಹೊತ್ತು ಮಾತಾಡುತ್ತಾರೆ. ಹೊಡೆದಾಟ, ರಾಜಕೀಯ ಎಲ್ಲ ಪಕ್ಕಕ್ಕಿಟ್ಟು ಬಿಲ್ ಜಾನ್‌ನ ಕಾಗದದಲ್ಲಿ ಅಮ್ಮನಿಗೆ ಹೇಳಿ ಕಳಿಸುವುದು ಒಂದೇ ಮಾತು: ನಾನು ಪಿಟ್ಸ್‌ಬರ್ಗ್ ಲ್ಯಾಂಡಿಂಗ್‌ನಲ್ಲಿ ಇರಲಿಲ್ಲ, ಟಾಮ್‌ಗೆ ತಗುಲಿದ ಗುಂಡು ನನ್ನದಲ್ಲ. ಕಣ್ಣೊರೆಸಿಕೊಳ್ಳುತ್ತಿದ್ದ ನನ್ನನ್ನು ಮಗಳು ನೋಡಿ ಈರುಳ್ಳಿ ಹೆಚ್ಚಿದ್ದೆಂದುಕೊಂಡಳು, ನಾನೂ ತಿದ್ದಲಿಲ್ಲ.

ಮೊಮ್ಮಗನಿಗೆ ಸಾರಾಂಶ ಹೇಳಿದ್ದು ನಾನೇ. ಹೋಮ್‌ವರ್ಕಿಗೆ ಅವನಿಗೂ ಬೇಕಿತ್ತು. ಬಿಲ್ಲನ ಮಾತು ಬಂದಾಗ ಅವನು ಪೆನ್ಸಿಲ್ ನಿಲ್ಲಿಸಿ ಕೇಳಿದ, “ಅಜ್ಜಿ, ಜಾನ್ ಸುಳ್ಳು ಬರೆದಿರಬಹುದಲ್ವಾ? ಅಮ್ಮನಿಗೆ ಸಮಾಧಾನ ಆಗ್ಲಿ ಅಂತ?”

ಹಂಟಮ್ಮ ಹಾಗೇನೂ ಬರೆದಿಲ್ಲ ಎಂದೆ. ಆದರೆ ಹೇಳಿ ಕಳಿಸಿದ್ದನ್ನು ಹೇಳುವವರಿಗೆ ಕೊಂಚ ಸ್ವಾತಂತ್ರ್ಯ ಇರುತ್ತದೆ ಎಂದು ನನಗೆ ಗೊತ್ತು. ನಮ್ಮಪ್ಪನ ಬೈಗುಳಗಳಲ್ಲಿ ಕೆಲವನ್ನು ನಾನು ಹಿತ್ತಲಲ್ಲೇ ಬಿಟ್ಟು ಹೋಗುತ್ತಿದ್ದೆ. ಒಂದು ದಿನ ಅಪ್ಪ ಉಗ್ರವಾಗಿ ಹೇಳಿ ಕಳಿಸಿದ್ದನ್ನು ನಾನು ಒಪ್ಪ ಮಾಡಿ, “ಮರ ಹತ್ತೋ ಮುಂಚೆ ದಯವಿಟ್ಟು ಒಂದು ಮಾತು ತಿಳಿಸಬೇಕಂತೆ” ಎಂದು ಒಪ್ಪಿಸಿದೆ. ದೊಡ್ಡಪ್ಪ ಅಡಕೆ ಕತ್ತರಿಸುವುದನ್ನು ನಿಲ್ಲಿಸಿ ಕನ್ನಡಕದ ಮೇಲಿಂದ ನನ್ನನ್ನೇ ನೋಡಿದರು.

“ನಿಮ್ಮಪ್ಪ ದಯವಿಟ್ಟು ಅಂದ್ನಾ?”

“ಹೂಂ, ದೊಡ್ಡಪ್ಪ.”

“ಹಂಗಾದ್ರೆ ನಾನೂ ಅವನಿಗೆ ದಯವಿಟ್ಟು ಬೈದೆ ಅಂತ ಹೇಳೋಗು.”