ಪಾಠದ ಡಿ.ವಿ.ಡಿ. 97ಕ್ಕೇ ಏಕೆ ನಿಲ್ಲುತ್ತಿತ್ತು?

ಬಿ.ಇಡಿ. ಸೇರುವ ಮೊದಲು ಎರಡು ವರ್ಷ ನಾನು ಶಿವಾಜಿನಗರದಲ್ಲಿ ಮದುವೆ ವಿಡಿಯೊಗಳಿಗೆ ಮಿಕ್ಸಿಂಗ್ ಮಾಡುವ ಅಂಗಡಿಯೊಂದರಲ್ಲಿ ಕೆಲಸ ಮಾಡಿದ್ದೆ. ಈ ಸಂಗತಿ ಕಾಲೇಜಿನಲ್ಲಿ ಹೇಗೋ ಹರಡಿತು. 2013ರಲ್ಲಿ ನಮ್ಮ ಅಭ್ಯಾಸ ಬೋಧನೆ ಮುಗಿಯುವ ಹೊತ್ತಿಗೆ ನನ್ನ ಚೀಲದಲ್ಲಿ ನನ್ನ ಪಾಠಯೋಜನೆಗಳಿಗಿಂತ ಬೇರೆಯವರ ಡಿ.ವಿ.ಡಿ.ಗಳೇ ಹೆಚ್ಚಾಗಿದ್ದವು. ಎರಡು ಬೋಧನಾ ವಿಷಯಗಳಲ್ಲಿ ಒಂದೊಂದು ಪಾಠವನ್ನು ಚಿತ್ರೀಕರಿಸಿ, ಎರಡನ್ನೂ ಒಂದೇ ಡಿಸ್ಕಿಗೆ ಹಾಕಿ, ಪ್ರಾಯೋಗಿಕ ಪರೀಕ್ಷೆಯ ದಿನ ಒಪ್ಪಿಸಬೇಕೆಂಬುದು ನಿಯಮ. ಅದು ಕಾಲೇಜಿನ ಪ್ಲೇಯರಿನಲ್ಲಿ ಓಡಲೇಬೇಕು.

ಕೆ.ಆರ್. ಪುರದಿಂದ ಬರುತ್ತಿದ್ದ ನನ್ನ ಗೆಳತಿ ಪರೀಕ್ಷೆಗೆ ಎರಡು ದಿನವಿರುವಾಗ ಹಾರ್ಡ್‌ಡಿಸ್ಕ್ ಹಿಡಿದುಕೊಂಡು ಇಂದಿರಾನಗರದ ನನ್ನ ಚಿಕ್ಕಮ್ಮನ ಮನೆಗೆ ಬಂದಳು. ಎರಡು ಡಿಸ್ಕ್ ಹಾಳಾಗಿದ್ದವು. ಎರಡೂ ಸಲ ಶೇಕಡಾ 97ಕ್ಕೆ ಬಂದು ‘ಏರರ್’ ಎಂದು ನಿಂತಿತ್ತು. ಸಾಫ್ಟ್‌ವೇರ್ ಬದಲಿಸು ಎಂದು ಒಬ್ಬರು, ವೈರಸ್ ಇರಬೇಕು ಎಂದು ಇನ್ನೊಬ್ಬರು, ಡಿಸ್ಕ್ ಕಂಪನಿ ಬದಲಿಸು ಎಂದು ಮತ್ತೊಬ್ಬರು ಹೇಳಿದ್ದರಂತೆ. ಎಲ್ಲವನ್ನೂ ಒಟ್ಟಿಗೇ ಬದಲಿಸಿದರೆ, ಸರಿಹೋದರೂ ಯಾವುದರಿಂದ ಸರಿಹೋಯಿತೆಂದು ತಿಳಿಯುವುದಿಲ್ಲ. ಸೂಕ್ಷ್ಮ ಬೋಧನೆಯಲ್ಲಿ ಆರು ನಿಮಿಷಕ್ಕೆ ಒಂದೇ ಕೌಶಲ ಹಿಡಿಯುತ್ತೇವಲ್ಲ, ಇದಕ್ಕೂ ಅದೇ ಕ್ರಮ ಬೇಕು.

‘ಬರ್ನ್’ ಗುಂಡಿ ಒತ್ತಿದಾಗ ಸಾಫ್ಟ್‌ವೇರ್ ಒಂದಲ್ಲ, ಮೂರು ಕೆಲಸ ಮಾಡುತ್ತದೆ. ವಿಡಿಯೊವನ್ನು ಎಂಪೆಗ್-2 ರೂಪಕ್ಕೆ ತಿರುಗಿಸುತ್ತದೆ, ಪ್ಲೇಯರಿಗೆ ಬೇಕಾದ ಫೋಲ್ಡರ್ ಕಟ್ಟುತ್ತದೆ, ಆಮೇಲೆ ಡಿಸ್ಕಿಗೆ ಬರೆಯುತ್ತದೆ. ಮೂರರಲ್ಲಿ ಎಲ್ಲಿ ಎಡವಿದರೂ ಪರದೆಯ ಮೇಲೆ ಕಾಣುವುದು ಒಂದೇ ಏರರ್. ಆದ್ದರಿಂದ ಮೊದಲು ಡಿಸ್ಕನ್ನು ಪಕ್ಕಕ್ಕಿಟ್ಟು, ಫೋಲ್ಡರನ್ನು ಮಾತ್ರ ಕಂಪ್ಯೂಟರಿನಲ್ಲಿ ಉಳಿಸಲು ಹೇಳಿದೆ. ಅದು ತಕರಾರಿಲ್ಲದೆ ಮುಗಿಯಿತು, ಕೊನೆಯವರೆಗೂ ಓಡಿತು. ಅಂದರೆ ಚಿತ್ರೀಕರಣವೂ ಸರಿ, ಎಡಿಟಿಂಗೂ ಸರಿ. ತೊಂದರೆ ಬರೆಯುವ ಹಂತದ್ದು.

ಫೋಲ್ಡರಿನ ಗಾತ್ರ ನೋಡಿದೆ: 4.36 ಜಿ.ಬಿ. ಡಿಸ್ಕಿನ ಮೇಲೆ 4.7 ಎಂದು ಅಚ್ಚಾಗಿದ್ದರೂ ಕಂಪ್ಯೂಟರ್ ಲೆಕ್ಕದಲ್ಲಿ ಅದು 4.38 ಮಾತ್ರ. ತಯಾರಕರು ಸಾವಿರದ ಲೆಕ್ಕ ಹಿಡಿಯುತ್ತಾರೆ, ಕಂಪ್ಯೂಟರ್ 1024ರ ಲೆಕ್ಕ ಹಿಡಿಯುತ್ತದೆ. ಡಿಸ್ಕಿಗೆ ಹೊಂದಿಸು ಎಂಬ ಆಯ್ಕೆ ಗುರುತಾಗಿತ್ತು, ಸಾಫ್ಟ್‌ವೇರ್ ವಿಧೇಯವಾಗಿ ಅಂಚಿನವರೆಗೂ ತುಂಬಿತ್ತು. ಡಿ.ವಿ.ಡಿ.ಗೆ ಒಳಸುತ್ತಿನಿಂದ ಹೊರಸುತ್ತಿಗೆ ಬರೆಯಲಾಗುತ್ತದೆ, ಗ್ರಾಮಫೋನ್ ತಟ್ಟೆಗೆ ತಿರುಗುಮುರುಗು. ಅಗ್ಗದ ಡಿಸ್ಕುಗಳಲ್ಲಿ ಬಣ್ಣದ ಪದರ ಕೈಕೊಡುವುದು ಹೆಚ್ಚಾಗಿ ಹೊರ ಅಂಚಿನಲ್ಲೇ. 16 ಪಟ್ಟು ವೇಗದಲ್ಲಿ ಬರೆಯುವ ಡ್ರೈವ್ ತನ್ನ ಪೂರ್ತಿ ವೇಗ ತಲುಪುವುದೂ ಅಲ್ಲೇ.

ಅದೇ ಫೋಲ್ಡರನ್ನು 4 ಪಟ್ಟು ವೇಗದಲ್ಲಿ ಬರೆಸಿದೆ. 97 ದಾಟಿತು, ನೂರೂ ಆಯಿತು. ಆದರೆ ಬರೆದದ್ದನ್ನು ಮರಳಿ ಓದಿ ತಾಳೆ ನೋಡುವಾಗ ಕೊನೆಯ ಭಾಗ ಸಿಕ್ಕಲಿಲ್ಲ. ವೇಗ ಅರ್ಧ ಕಾರಣ, ಅಂಚು ಇನ್ನರ್ಧ.

“ಕೊನೇ ನಾಲ್ಕು ನಿಮಿಷ ಕಟ್ ಮಾಡ್ಬಿಡೇ, ಸರಿಹೋಗತ್ತೆ” ಎಂದಳು ಗೆಳತಿ.

ಮದುವೆ ಅಂಗಡಿಯಲ್ಲಾದರೆ ನಾನೂ ಹಾಗೇ ಮಾಡುತ್ತಿದ್ದೆ. ಅಲ್ಲಿ ಕೊನೆಗೆ ಬರುವುದು ಊಟದ ಪಂಕ್ತಿ. ಇಲ್ಲಿ ಕೊನೆಯಲ್ಲಿದ್ದದ್ದು ಬೇರೆ. ಹಲಸೂರಿನ ಕಡೆಯ ಸರ್ಕಾರಿ ಶಾಲೆಯ ಎಂಟನೆಯ ತರಗತಿ, ಬೆಳಕಿನ ಪ್ರತಿಫಲನದ ಪಾಠ. ಮನೆಯಲ್ಲಿ ತಮಿಳು ಮಾತನಾಡುವ ಹುಡುಗಿಯೊಬ್ಬಳು ಮೂರು ವಾರ ತರಗತಿಯಲ್ಲಿ ಬಾಯಿ ಬಿಟ್ಟಿರಲಿಲ್ಲ. ಅವಳು ಕನ್ನಡಿಯ ಮುಂದೆ ನಿಂತು, ತನ್ನ ಬಲಗೈ ಎತ್ತಿದರೆ ಒಳಗಿನವಳು ಯಾವ ಕೈ ಎತ್ತಿದಂತೆ ಕಾಣುತ್ತದೆಂದು ಹೇಳುತ್ತಾಳೆ. ‘ಇಡದು ಕೈ’ ಎಂದು, ತಡೆದು, ‘ಎಡಗೈ’ ಎಂದು ತಿದ್ದಿಕೊಳ್ಳುತ್ತಾಳೆ. ಅದಕ್ಕೂ ಮೊದಲು ದೀರ್ಘ ಮೌನ. ಗೆಳತಿ ಸುಮ್ಮನೆ ನಿಂತಿದ್ದಾಳೆ, ಅಷ್ಟೆ.

“ಅವಳು ತಡವರಿಸ್ತಾಳೆ, ನಾನು ಕಂಬದ ಹಾಗೆ ನಿಂತಿದೀನಿ. ಎಕ್ಸ್‌ಟರ್ನಲ್ ನೋಡಿದ್ರೆ ಕ್ಲಾಸ್ ಕೈತಪ್ಪಿದೆ ಅಂತಾರೆ ಕಣೇ.”

“ಕಟ್ ಮಾಡ್ಲೇಬೇಕು ಅಂದ್ರೆ ಮೊದಲನೇ ಪಾಠದ ಪೀಠಿಕೆ ತೆಗಿ. ಅದು ಎಲ್ಲರ ಪಾಠದಲ್ಲೂ ಒಂದೇ ಥರ ಇರತ್ತೆ” ಎಂದೆ. ಸ್ವಲ್ಪ ಕೋಪವೂ ಬಂದಿತ್ತು. ಪ್ರಶ್ನೆ ಕೇಳಿ ಎರಡು ಸೆಕೆಂಡಿಗೆ ಉತ್ತರವನ್ನು ತಾವೇ ಹೇಳುವ ಪಾಠಗಳನ್ನು ಆ ವಾರ ಹತ್ತಾರು ನೋಡಿದ್ದೆ.

ಚಿತ್ರದ ಗುಣಮಟ್ಟ ಇಳಿಸಬಹುದಿತ್ತು. ಸೆಕೆಂಡಿಗೆ 4 ಮೆಗಾಬಿಟ್‌ಗೆ ಇಳಿಸಿ ನೋಡಿದೆ. ಯಾರಾದರೂ ಅಲುಗಾಡಿದಾಗಲೆಲ್ಲ ಕಪ್ಪುಹಲಗೆಯ ಸೀಮೆಸುಣ್ಣದ ಅಕ್ಷರಗಳು ಕದಡಿದವು. ಕಪ್ಪುಹಲಗೆ ಬಳಕೆಗೆ ವೀಕ್ಷಣಾ ನಮೂನೆಯಲ್ಲಿ ಪ್ರತ್ಯೇಕ ಅಂಕವಿದೆ, ಅದನ್ನು ಬಿಟ್ಟುಕೊಡುವ ಹಾಗಿರಲಿಲ್ಲ.

ಆಗ ಧ್ವನಿಯ ಕಡೆ ಗಮನ ಹೋಯಿತು. ಅದು ಪಿ.ಸಿ.ಎಂ. ಎಂದರೆ ಸ್ವಲ್ಪವೂ ಕುಗ್ಗಿಸದ ರೂಪದಲ್ಲಿತ್ತು, ಸೆಕೆಂಡಿಗೆ ಸುಮಾರು 1.5 ಮೆಗಾಬಿಟ್ ತಿನ್ನುತ್ತಿತ್ತು. ನಾದಸ್ವರಕ್ಕಾದರೆ ಸರಿ, ತರಗತಿಯ ಮಾತಿಗೆ ಅಷ್ಟು ಜಾಗ ಏಕೆ? ಡಾಲ್ಬಿಯ ಎಸಿ-3 ಆಯ್ದುಕೊಂಡರೆ 0.2ರಷ್ಟರಲ್ಲಿ ಮುಗಿಯುತ್ತದೆ. ಡಿಸ್ಕಿಗೆ ಹೊಂದಿಸುವ ಆಯ್ಕೆ ತೆಗೆದು, ಚಿತ್ರವನ್ನು ಇದ್ದಂತೆಯೇ ಬಿಟ್ಟು, ಧ್ವನಿಯೊಂದನ್ನೇ ಬದಲಿಸಿದೆ. ಎರಡೂ ಪಾಠ ಸೇರಿ 84 ನಿಮಿಷ, ಈಗ ಸುಮಾರು 3.6 ಜಿ.ಬಿ. ಹೊರ ಅಂಚು ಖಾಲಿ. 4 ಪಟ್ಟು ವೇಗದಲ್ಲಿ ಹನ್ನೆರಡು ನಿಮಿಷಕ್ಕೆ ಬರೆದು ಮುಗಿಯಿತು, ತಾಳೆಯೂ ಆಯಿತು.

ಬರೆದ ಡ್ರೈವಿನಲ್ಲೇ ಓಡಿಸಿ ನೋಡಿದರೆ ಅದು ಪರೀಕ್ಷೆಯಲ್ಲ. ಮರುದಿನ ಬೈಯಪ್ಪನಹಳ್ಳಿಯಲ್ಲಿ ಮೆಟ್ರೊ ಹತ್ತಿ ಹಲಸೂರಿಗೆ ಹೋಗಿ, ಶಾಲೆಯ ಮುಖ್ಯೋಪಾಧ್ಯಾಯಿನಿಯವರ ಕೊಠಡಿಯಲ್ಲಿದ್ದ ಹಳೆಯ ಪ್ಲೇಯರಿಗೆ ಹಾಕಿದೆವು. ಓಡಿತು. ಬಾಗಿಲಲ್ಲಿ ನಿಂತು ಇಣುಕಿದ ಮಕ್ಕಳಿಗೆ ಪ್ರತಿಫಲನವೂ ಬೇಡ, ಬೋಧನೆಯೂ ಬೇಡ. ಹಿಂದಿನ ಬೆಂಚಿನ ಹುಡುಗ ಕ್ಯಾಮೆರಾ ನೋಡಿ ನಾಲಿಗೆ ಚಾಚಿದ್ದೊಂದೇ ಸಾಕಾಯಿತು. “ಮಿಸ್, ಇನ್ನೊಂದ್ಸಲ ಹಾಕಿ ಮಿಸ್!”

ಪರೀಕ್ಷೆಯ ದಿನ ಬಾಹ್ಯ ಪರೀಕ್ಷಕರು ಮೊದಲ ಪಾಠವನ್ನು ಏಳೆಂಟು ನಿಮಿಷ ನೋಡಿ, ಎರಡನೆಯದನ್ನು ನೇರ ಮೌಲ್ಯಮಾಪನ ಹಂತಕ್ಕೆ ಓಡಿಸಿದರಂತೆ. ಮೌನದ ಭಾಗ ಬಂದಾಗ, “ಇಲ್ಲಿ ಎಷ್ಟು ಹೊತ್ತು ಕಾದ್ರಿ?” ಎಂದು ಕೇಳಿದರಂತೆ. “ನಲವತ್ತು ಸೆಕೆಂಡ್ ಇರಬಹುದು ಸರ್” ಎಂದಳಂತೆ ಇವಳು. ಅವರು ಏನೋ ಬರೆದುಕೊಂಡರು. ಎಷ್ಟು ಅಂಕ ಬಂತೆಂದು ಅವಳು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಹಾಳಾದ ಮೂರು ಡಿಸ್ಕುಗಳನ್ನು ಆ ಶಾಲೆಗೇ ಕೊಟ್ಟೆವು. ಬಿಸಿಲಿಗೆ ಹಿಡಿದರೆ ಗೋಡೆಯ ಮೇಲೆ ಬಣ್ಣ ಚೆನ್ನಾಗಿ ಬೀಳುತ್ತದೆ.