ಸಕ್ಕರೆಯ ಕಣಕ ನಾದಿದ ದಿನ

ಮಠದ ಪಾಠಶಾಲೆಯಲ್ಲಿ ವ್ಯಾಕರಣ ಕಲಿತು, ಅದನ್ನೇ ಹಲವು ವರುಷ ಪರರಿಗೆ ಕಲಿಸಿ, ಅರವತ್ತು ದಾಟಿದ ಮೇಲೆ ಮತ್ತೊಮ್ಮೆ ವಿದ್ಯಾರ್ಥಿಯಾಗಿ ಕುಳಿತವರ ಪಾಡು ಎಂಥದೆಂಬುದನ್ನು ನಾವು ಅನುಭವಿಸಿ ಅರಿತೆವು. ಪಾಠಶಾಲೆಯೆಂದರೆ ಗೋಕಾಕದ ನಮ್ಮ ಮನೆಯ ಅಡುಗೆಮನೆ. ಗುರುವೆಂದರೆ ನಮ್ಮ ಸೊಸೆ. ಪಾಠವೆಂದರೆ ಕೇಕಿನ ಮೇಲೆ ಸಕ್ಕರೆಯ ಹೊದಿಕೆ ಹೊದಿಸುವುದು. ಓದುಗ ಬಂಧುಗಳಲ್ಲಿ ನಗುವವರು ನಗಲಿ. ನಮಗೆ ತೀರಿಸಬೇಕಾದ ಒಂದು ಋಣವಿದೆ. ಅದರ ಸಲುವಾಗಿ ಬರೆಯುತ್ತಿದ್ದೇವೆ.

2020ರ ಸಾಂಕ್ರಾಮಿಕದ ದಿನಗಳಲ್ಲಿ ನಮ್ಮ ಮಗನ ಅಂಗಡಿ ಮುಚ್ಚಿತು. ಆಗ ಸೊಸೆ ಮನೆಯಲ್ಲಿಯೇ ಕೇಕು ಮಾಡಿ ಮಾರತೊಡಗಿದಳು. ತತ್ತಿ ಮುಟ್ಟದೆ, ಮೈದಾ, ಮೊಸರು, ಡಬ್ಬಿಯ ಗಟ್ಟಿ ಹಾಲುಗಳಿಂದ ಮಾಡುವ ಕೇಕು. ಮೊದಲು ಓಣಿಯವರು ಒಯ್ದರು. ಬರಬರುತ್ತ ಮೂಡಲಗಿ, ಹುಕ್ಕೇರಿಗಳಿಂದಲೂ ಬೇಡಿಕೆ ಬಂದಿತು. ಮೊಮ್ಮಕ್ಕಳ ಶಾಲೆಯ ಶುಲ್ಕ ಎರಡು ವರುಷ ಆ ದುಡಿಮೆಯಿಂದಲೇ ಸಂದಿತು. ಇದನ್ನು ಕಣ್ಣಾರೆ ಕಂಡಿದ್ದ ನಾವು 2022ರಲ್ಲಿ ಹುಕ್ಕೇರಿಯ ಒಂದು ಸಭೆಯಲ್ಲಿ ಆಹಾರ ಸಂಸ್ಕಾರವನ್ನು ಕುರಿತು ಮಾತನಾಡುತ್ತ, ಕೇಕು ಪರದೇಶದ ತಿನಿಸು, ಅದರಲ್ಲಿ ಏನೇನು ಬೆರೆತಿರುತ್ತದೆಯೋ ಬಲ್ಲವರಾರು, ನಮ್ಮ ಮನೆಗಳಿಗೆ ಅದು ತಕ್ಕುದಲ್ಲ ಎಂದೆವು. ಸಭೆ ಚಪ್ಪಾಳೆ ತಟ್ಟಿತು. ಮುಂದಿನ ವಾರ ಹುಕ್ಕೇರಿಯ ಎರಡು ಮನೆಯವರು ಹೇಳಿದ್ದ ಕೇಕು ಬೇಡವೆಂದರು. “ನಿಮ್ಮ ಮಾವನವರೇ ಹಂಗ ಅಂದ ಮ್ಯಾಲೆ ನಾವು ಹ್ಯಾಂಗ ಒಯ್ಯೂದು?” ಎಂದು ಕೇಳಿದರಂತೆ. ಸೊಸೆ ನಮ್ಮೆದುರು ತುಟಿ ಬಿಚ್ಚಲಿಲ್ಲ. ಬಹುದಿನಗಳ ಮೇಲೆ ನಮ್ಮ ಮನೆಯವರ ಬಾಯಿಂದ ಸಂಗತಿ ತಿಳಿಯಿತು. ತಿಳಿದ ಮೇಲೂ ನಾವು ಸುಮ್ಮನಿದ್ದೆವು. ಸಭೆಯಲ್ಲಿ ಆಡಿದ ಮಾತನ್ನು ಮನೆಯಲ್ಲಿ ಹಿಂತೆಗೆದುಕೊಳ್ಳುವುದು ಪಂಡಿತನಿಗೆ ಬಹಳ ಕಷ್ಟ.

2024ರ ಫೆಬ್ರುವರಿಯಲ್ಲಿ ಮೂಡಲಗಿಯ ಒಂದು ಒಕ್ಕಲು ಮನೆತನದವರು ಮೊಮ್ಮಗನ ಮೊದಲ ಹುಟ್ಟುಹಬ್ಬಕ್ಕೆ ಕೇಕು ಹೇಳಿದ್ದರು. ಅದರ ಮೇಲೆ ಒಂದು ಜೋಡಿ ಎತ್ತು ಇರಬೇಕೆಂಬುದು ಅವರ ಆಸೆ. ಮರುದಿನ ಸಂಜೆ ಒಪ್ಪಿಸಬೇಕು. ಹಿಂದಿನ ದಿನ ಮುಂಜಾನೆ ಸೊಸೆ ಬಚ್ಚಲಲ್ಲಿ ಜಾರಿ ಬಿದ್ದು ಬಲಗೈ ಮಣಿಕಟ್ಟು ಉಳುಕಿಸಿಕೊಂಡಳು. ಮಗ ಊರಲ್ಲಿರಲಿಲ್ಲ. ನಮ್ಮ ಮನೆಯವರ ಬೆರಳುಗಳು ಸಂಧಿವಾತದಿಂದ ಮಡಿಚುವುದಿಲ್ಲ. ಕೇಕೇನೋ ಬೆಂದು ಸಿದ್ಧವಾಗಿತ್ತು. ಚಾಕಲೇಟು, ಕೆನೆ ಕೂಡಿಸಿದ ಲೇಪವೂ ಆಗಿತ್ತು. ಹೊದಿಕೆ ಮತ್ತು ಎತ್ತು ಉಳಿದಿದ್ದವು. ಆಗುವುದಿಲ್ಲವೆಂದು ಮೂಡಲಗಿಗೆ ತಿಳಿಸಲು ಆಕೆ ಫೋನು ಎತ್ತಿಕೊಂಡಳು. ಆಗ ನಾವು, “ಬ್ಯಾಡ ಯವ್ವಾ, ನೀ ಹೇಳಿಕೊಡು, ನಾವು ನಾದತೇವಿ” ಎಂದೆವು.

ಆಕೆ ನಮ್ಮ ಮುಖವನ್ನೇ ನೋಡಿದಳು. “ಮಾವಾರ, ಅದು ರೊಟ್ಟಿ ಹಿಟ್ಟಲ್ಲರಿ.”

ಈ ಹೊದಿಕೆಗೆ ಫಾಂಡಂಟ್ ಎಂದು ಹೆಸರು. ಅದು ಫ್ರೆಂಚ್ ಮಾತು. ಕರಗುವಂಥದು ಎಂದು ಅರ್ಥ. ಮುಟ್ಟುವ ಮೊದಲು ನಾವು ಅಭ್ಯಾಸಬಲದಿಂದ, ಇದರಲ್ಲಿ ಏನಿದೆಯೆಂದು ಕೇಳಿದೆವು. ಆಕೆ ಪೊಟ್ಟಣ ತಿರುವಿ ಶಾಕಾಹಾರದ ಹಸಿರು ಗುರುತು ತೋರಿಸಿದಳು. “ಇದರಾಗ ಜೆಲಟಿನ್ ಇಲ್ಲರಿ. ಮೊದಲನೇ ದಿನದಿಂದನೂ ಅದನ್ನ ನಾ ಮನ್ಯಾಗ ತಂದಿಲ್ಲ” ಎಂದಳು. ಜೆಲಟಿನ್ ಎಂಬುದು ಪ್ರಾಣಿಗಳ ತೊಗಲು, ಎಲುಬುಗಳಿಂದ ತೆಗೆಯುವ ವಸ್ತುವೆಂದೂ, ಹಿಗ್ಗುವ ಗುಣ ಬರಲೆಂದು ಎಷ್ಟೋ ಬಗೆಯ ಫಾಂಡಂಟುಗಳಲ್ಲಿ ಅದನ್ನು ಬೆರೆಸುತ್ತಾರೆಂದೂ, ಅದಿಲ್ಲದವುಗಳಲ್ಲಿ ಸಸ್ಯಮೂಲದ ಅಂಟು ಇರುತ್ತದೆಂದೂ ಆಕೆಯೇ ತಿಳಿಸಿದಳು. ಸಭೆಯಲ್ಲಿ ಕೈಯೆತ್ತಿ ಎಚ್ಚರಿಕೆ ಹೇಳಿದ ನಮಗೆ ಆ ವಸ್ತುವಿನ ಹೆಸರೂ ಗೊತ್ತಿರಲಿಲ್ಲ. ಯಾರನ್ನು ಕುರಿತು ಆಡಿದ್ದೆವೋ ಆಕೆ ನಾಲ್ಕು ವರುಷಗಳಿಂದ ಅದನ್ನು ಹೊಸ್ತಿಲಾಚೆ ತಡೆದಿದ್ದಳು.

ಉಳಿದಂತೆ ಅದರಲ್ಲಿರುವುದು ನುಣ್ಣಗೆ ಬೀಸಿದ ಸಕ್ಕರೆ, ಗ್ಲುಕೋಸಿನ ಪಾಕ, ಒಣಗದಂತೆ ತಡೆಯುವ ಗ್ಲಿಸರಿನ್, ತುಸು ಜಿಡ್ಡು, ಅಂಟು. ಗೋಕಾಕದವರಿಗೆ ಅಂಟಿನ ಮಹಿಮೆಯನ್ನು ಹೇಳಬೇಕಾಗಿಲ್ಲ. ತುಪ್ಪದಲ್ಲಿ ಕರಿದು ಅರಳಿಸಿದ ಅಂಟಿನಿಂದಲೇ ನಮ್ಮೂರ ಕರದಂಟಿಗೆ ಆ ಹೆಸರು ಬಂದಿದೆ.

ಮುದ್ದೆ ಮೊದಲು ಕಲ್ಲಿನಂತಿತ್ತು. ಅಂಗೈಗೆ ಜಿಡ್ಡು ಸವರಿಕೊಂಡು ನಾದುತ್ತ ಹೋದಂತೆ ಕೈಯ ಬಿಸಿಗೆ ಮೆತ್ತಗಾಯಿತು. ಬಾಲ್ಯದಲ್ಲಿ ಮಠದ ದಾಸೋಹಕ್ಕಾಗಿ ನಾವು ಜೋಳದ ಹಿಟ್ಟು ನಾದಿದವರು. ಕುದಿಯುವ ಎಸರು ಹಾಕಿ ಎಷ್ಟು ನಾದಿದರೆ ಅಷ್ಟು ಅಂಚು ಒಡೆಯದ ರೊಟ್ಟಿ. ಇಲ್ಲಿಯೂ ಅದೇ ನ್ಯಾಯ: ನಾದುವುದು ಸಾಲದಾದರೆ ಅಂಚು ಬಿರಿಯುತ್ತದೆ. ಈ ಸಾಮ್ಯವನ್ನು ಸೊಸೆಗೆ ವಿಸ್ತಾರವಾಗಿ ವಿವರಿಸುತ್ತ ನಾವು ಕೈ ನಿಲ್ಲಿಸಿದೆವು. “ಮಾತಾಡ್ಕೋತ ಬಿಡಬ್ಯಾಡ್ರಿ ಮಾವಾರ, ಒಣಗತೈತಿ. ಮ್ಯಾಲೆ ಪ್ಲಾಸ್ಟಿಕ್ ಮುಚ್ಚರಿ” ಎಂದಳು. ನೋಡಿದರೆ ಮೇಲ್ಮೈ ಆಗಲೇ ಸುಕ್ಕುಗಟ್ಟಿತ್ತು. ಆನೆಯ ತೊಗಲು ಎಂದು ಕೇಕಿನವರು ಅದನ್ನು ಕರೆಯುತ್ತಾರಂತೆ.

ಲಟ್ಟಿಸುವ ಮೊದಲು ಲೆಕ್ಕ. ಕೇಕಿನ ಅಗಲ 8 ಇಂಚು, ಎತ್ತರ 4 ಇಂಚು. ಮೇಲಿನ 8, ಎರಡೂ ಬದಿಯ 4 ಮತ್ತು 4 ಸೇರಿ 16. ಅಂಚಿಗೆ ಇನ್ನೊಂದು ಹಿಡಿದು 17 ಇಂಚಿನ ವೃತ್ತ, ದಪ್ಪ ಸುಮಾರು 4 ಮಿಲಿಮೀಟರು. ಲೆಕ್ಕ ಸರಿಯಾಗಿ ಹೇಳಿದ್ದಕ್ಕೆ ನಮಗೆ ಹೆಮ್ಮೆಯಾಯಿತು. ಆ ಹೆಮ್ಮೆ ಹೆಚ್ಚು ಹೊತ್ತು ನಿಲ್ಲಲಿಲ್ಲ. ಮೆಕ್ಕೆಜೋಳದ ನುಣುಪು ಹಿಟ್ಟು ಉದುರಿಸಿ ಲಟ್ಟಿಸಿ, ಲಟ್ಟಣಿಗೆಗೆ ಸುತ್ತಿ ಎತ್ತಿ, ಕೇಕಿನ ಮೇಲೆ ಹಾಸಿದೆವು. ಬದಿಗೆ ಇಳಿಸಲು ಹೋಳಿಗೆಯ ಕಣಕವನ್ನು ಎಳೆದಂತೆ ಎಳೆದೆವು. ಮೇಲಿನ ಅಂಚಿನಲ್ಲಿ ಗೇಣುದ್ದ ಹರಿಯಿತು.

“ಎಳೀಬ್ಯಾಡ್ರಿ, ಒತ್ತರಿ. ಸೀರಿ ನಿರಗಿ ಬಿಡಿಸಿದಂಗ ಕೆಳಗಿಂದು ಬಿಡಿಸ್ಕೋತ ಹೋಗ್ರಿ” ಎಂದಳು ಸೊಸೆ. ಕಣಕದಲ್ಲಿ ಗೋದಿಯ ಜಿಗುಟು ಇದೆ, ಎಣ್ಣೆಯಲ್ಲಿ ನೆನೆದು ಅದು ಎಳೆದಷ್ಟೂ ಬರುತ್ತದೆ. ಸಕ್ಕರೆಗೆ ಆ ತಾಳ್ಮೆಯಿಲ್ಲ. ತನ್ನ ಭಾರಕ್ಕೆ ತಾನೇ ಜಗ್ಗಿ ಹರಿಯುತ್ತದೆ. ಮೊದಲು ಮೇಲಣ ಬಯಲನ್ನು ನೀವಬೇಕು, ಬಳಿಕ ಅಂಚನ್ನು ಹಿಡಿದು ನಿಲ್ಲಿಸಬೇಕು, ಆಮೇಲೆ ಒಂದೊಂದೇ ನಿರಿಗೆಯನ್ನು ಬಿಡಿಸುತ್ತ ಅಂಗೈಯಿಂದ ಕೆಳಗೆ ಒತ್ತುತ್ತ ಹೋಗಬೇಕು. ಹರಿದುದನ್ನು ತೆಗೆದು, ಲೇಪ ಅಂಟಿದ ಭಾಗ ಬಿಟ್ಟು, ಹೊಸ ಮುದ್ದೆ ಸೇರಿಸಿ ಮತ್ತೆ ನಾದಿದೆವು. ಎರಡನೆಯ ಸಲ ಒಳಗೆ ಗಾಳಿ ಸಿಕ್ಕಿ ಗುಳ್ಳೆ ಎದ್ದಿತು. ಸೂಜಿಯಿಂದ ಚುಚ್ಚಿ ಗಾಳಿ ಬಿಡಿಸಲು ಹೇಳಿದಳು, ನಾವು ಚುಚ್ಚುವ ಬದಲು ಸೀಳಿದೆವು. ಮೂರನೆಯ ಸಲ ನಿಂತಿತು. ಹಿಂಬದಿಯಲ್ಲಿ ಒಂದು ಮಡಿಕೆ ಉಳಿಯಿತು. “ಇರಲಿ ಬಿಡ್ರಿ, ಹಿಂದಿಂದು ಯಾರೂ ನೋಡೂದಿಲ್ಲ” ಎಂದು ಗುರು ಕ್ಷಮಿಸಿದಳು. ಶಿಷ್ಯರ ವಿಭಕ್ತಿದೋಷಗಳನ್ನು ನಾವು ಎಂದಾದರೂ ಹೀಗೆ ಕ್ಷಮಿಸಿದ್ದೆವೆಯೇ ಎಂದು ಆಗ ನೆನಪು ಮಾಡಿಕೊಂಡೆವು.

ಕೈ ತೊಳೆದುಕೊಳ್ಳುವಾಗ ನಮ್ಮ ತಾಯಿಯವರ ನೆನಪಾಯಿತು. ಹುಕ್ಕೇರಿಯ ನಮ್ಮ ಹಿರಿಯರ ಮನೆಯಲ್ಲಿ ದೀಪಾವಳಿಯ ನಂತರದ ಗೌರಿ ಹುಣ್ಣಿಮೆಗೆ ಅವರು ಸಕ್ಕರೆ ಆರತಿ ಎರೆಯುತ್ತಿದ್ದರು. ಪಾಕಕ್ಕೆ ತುಸು ಹಾಲು ಹಾಕಿ ಕೊಳೆ ತೆಗೆದು, ಸೋಸಿ, ಹದಕ್ಕೆ ಬಂದಾಗ ತಿಕ್ಕಿ ತಿಕ್ಕಿ ಬೆಳ್ಳಗಾಗಿಸಿ, ನೀರಲ್ಲಿ ನೆನೆಸಿ ಜೋಡಿಸಿ ಕಟ್ಟಿದ ಮರದ ಅಚ್ಚುಗಳಿಗೆ ಸುರಿಯುವರು. ಬಿಚ್ಚಿದರೆ ಆನೆ, ಕುದುರೆ, ಗಿಳಿ, ತೇರು. ನಿಶ್ಚಯವಾದ ಹೆಣ್ಣಿನ ಮನೆಗೆ ಗಂಡಿನವರು ಅವನ್ನು ಒಯ್ಯುವ ಸಂಭ್ರಮವನ್ನು ಈ ಭಾಗದ ಓದುಗರೆಲ್ಲ ಬಲ್ಲರು. ಅಲ್ಲಿ ಪಾಕವನ್ನು ತಿಕ್ಕುವುದು ಸಕ್ಕರೆ ಬೇಗ ಹರಳುಗಟ್ಟಿ ಗಟ್ಟಿಯಾಗಲೆಂದು. ಇಲ್ಲಿ ಗ್ಲುಕೋಸು ಬೆರೆಸುವುದು ಹರಳುಗಟ್ಟದೆ ಮೆತ್ತಗೆ ಉಳಿಯಲೆಂದು. ವಸ್ತು ಒಂದೇ, ಹದ ಬೇರೆ. ಸಕ್ಕರೆಯ ಕುದುರೆ ನಮ್ಮದು, ಸಕ್ಕರೆಯ ಎತ್ತು ಪರದೇಶದ್ದು ಎಂದು ಯಾವ ಶಾಸ್ತ್ರದ ಆಧಾರದಿಂದ ಹೇಳಿದ್ದೆವು? ಉತ್ತರ ದೊರೆಯಲಿಲ್ಲ.

ಎತ್ತುಗಳ ವಿಷಯದಲ್ಲಿ ನಮಗೆ ಧೈರ್ಯವಿತ್ತು. ಮಣ್ಣೆತ್ತಿನ ಅಮಾವಾಸ್ಯೆಗೆ ಎಷ್ಟು ಜೋಡಿ ಮಾಡಿಲ್ಲ! ಮೈ, ಹಿಣಿಲು, ಗಂಗೆದೊಗಲು ಚೆನ್ನಾಗಿಯೇ ಬಂದವು. ನಾಲ್ಕು ಕಾಲಿನ ಮೇಲೆ ನಿಲ್ಲಿಸಿದೆವು. ನೋಡನೋಡುತ್ತಿದ್ದಂತೆ ಕಾಲುಗಳು ಅಗಲಿ ಎತ್ತು ಹೊಟ್ಟೆಯ ಮೇಲೆ ಕುಸಿಯಿತು. ನಿಲ್ಲುವ ಗೊಂಬೆಗೆ ಹೆಚ್ಚಿನ ಅಂಟಿನ ಪುಡಿ ಬೆರೆಸಿ ಒಂದೆರಡು ದಿನ ಒಣಗಿಸಬೇಕಂತೆ. ನಮಗಿದ್ದುದು ಒಂದೇ ರಾತ್ರಿ. ಸೊಸೆಯ ಮುಖ ಬಾಡಿತು. ಆಗ ಗುಡಿಯ ಬಸವಣ್ಣ ನೆನಪಿಗೆ ಬಂದ. ಕಾಲು ಮಡಿಚಿ ಕುಳ್ಳಿರಿಸಿದೆವು. ಕೋಡಿಗೆ ನೀರಿನ ಹನಿ ಸವರಿ ಅಂಟಿಸಿದೆವು, ಬೆನ್ನಿಗೆ ಝೂಲ ಹೊದಿಸಿದೆವು. ಮುಗಿದಾಗ ರಾತ್ರಿ ಹನ್ನೊಂದು. ಫ್ರಿಜ್ಜಿನಲ್ಲಿ ಇಡೋಣವೆಂದರೆ ಆಕೆ ತಡೆದಳು. ಹೊರಗೆ ತೆಗೆದಾಗ ನೀರು ಹನಿಗಟ್ಟಿ ಸಕ್ಕರೆ ಬೆವರುತ್ತದಂತೆ. ದೇವರ ಕೋಣೆಯ ತಂಪಿನಲ್ಲಿ ಪೆಟ್ಟಿಗೆ ಮುಚ್ಚಿ ಇಟ್ಟೆವು.

ಮರುದಿನ ಬಾಡಿಗೆ ಗಾಡಿಯಲ್ಲಿ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಸೊಸೆಯೊಡನೆ ಮೂಡಲಗಿಗೆ ಹೊರಟೆವು. ರಸ್ತೆಯ ಪ್ರತಿಯೊಂದು ಉಬ್ಬಿಗೂ ಎದೆ ಹಾರುತ್ತಿತ್ತು. ಇಳಿದು ನೋಡಿದಾಗ ಒಂದು ಎತ್ತಿನ ಕಿವಿ ಉದುರಿತ್ತು, ಅಲ್ಲಿಯೇ ಅಂಟಿಸಿದೆವು. ಆ ಮನೆಯ ಹಿರಿಯರು ಬಹಳ ಹೊತ್ತು ನೋಡಿ, “ದುಡದು ಬಂದು ಹಕ್ಕ್ಯಾಗ ಹಿಂಗ ಕುಂದರತಾವ ನೋಡ್ರಿ ನಮ್ಮ ಎತ್ತು” ಎಂದರು. ಮನೆಯಾಕೆ, ಯಾರು ಮಾಡಿದ್ದೆಂದು ಕೇಳಿದಳು. “ನಮ್ಮ ಮಾವಾರರಿ” ಎಂದು ಸೊಸೆ ಹೇಳಿದ ಆ ಮಾತಿನಂಥ ಬಿರುದು ನಮಗೆ ಯಾವ ಸಭೆಯಲ್ಲಿಯೂ ದೊರೆತಿಲ್ಲ. ಕೂಸು ಮಾತ್ರ ಯಾರ ಮುಲಾಜೂ ಇಲ್ಲದೆ ಒಂದು ಕೋಡು ಮುರಿದು ಬಾಯಿಗಿಟ್ಟುಕೊಂಡಿತು.

ಕೇಕಿನ ಮೇಲೆ ಬತ್ತಿ ಹೊತ್ತಿಸಿ ಊದಿ ಆರಿಸುವುದು ನಮಗೆ ಇಂದಿಗೂ ಒಗ್ಗದು. ಹುಟ್ಟಿದ ದಿನ ದೀಪ ಹಚ್ಚಬೇಕಲ್ಲದೆ ಆರಿಸಬಾರದು. ಅದನ್ನು ಈಗಲೂ ಹೇಳುತ್ತೇವೆ. ಆದರೆ ಕೇಕನ್ನು ಕುರಿತು 2022ರಲ್ಲಿ ಆಡಿದ್ದು ಅರಿಯದೆ ಆಡಿದ್ದು, ಮತ್ತು ಅದರ ನಷ್ಟವನ್ನು ತೆತ್ತವಳು ನಮ್ಮ ಮನೆಯ ಮಗಳೇ. ಮೂಡಲಗಿಯಿಂದ ಬಂದ ವಾರದಲ್ಲಿಯೇ ಹುಕ್ಕೇರಿಯ ಆ ಎರಡೂ ಮನೆಗಳಿಗೆ ನಾವೇ ಹೋಗಿ ಹಾಗೆಂದು ಹೇಳಿ ಬಂದೆವು. ಒಂದು ಮನೆಯವರು ನಕ್ಕು ಚಹಾ ಕೊಟ್ಟು, ಮುಂದಿನ ಕೇಕು ಅಲ್ಲಿಯೇ ಹೇಳಿದರು. ಇನ್ನೊಂದು ಮನೆಯವರು ನೋಡೋಣ ಎಂದಿದ್ದಾರೆ. ಸಭೆಯಲ್ಲಿದ್ದ ಉಳಿದವರ ಮನೆಗಳು ನಮಗೆ ಗೊತ್ತಿಲ್ಲವಾದ್ದರಿಂದ, ಅವರಿಗೆ ಈ ಬರಹ.