ನೈಲಾನೋ ರೇಡಿಯಲ್ಲೋ: ಲೈಮ್ ರಾಕ್‌ನಿಂದ ಚಿಕ್ಕಪ್ಪನಿಗೆ

ಲೇಕ್‌ವಿಲ್, ಕನೆಕ್ಟಿಕಟ್
ಶುಕ್ರವಾರ ರಾತ್ರಿ

ಪ್ರೀತಿಯ ಚಿಕ್ಕಪ್ಪನವರಿಗೆ,

ಗೆಳೆಯನೊಬ್ಬನ ಹಳೇ ಎಂಜಿಬಿ ಕಾರಿನ ಜೊತೆ ಲೈಮ್ ರಾಕ್ ರೇಸ್ ಟ್ರ್ಯಾಕಿಗೆ ಬಂದಿದ್ದೇನೆ. ಸುತ್ತ ಕಾಡುಗುಡ್ಡ, ನಡುವೆ ಸುಮಾರು 2.4 ಕಿಲೋಮೀಟರ್ ಸುತ್ತಳತೆಯ ಟ್ರ್ಯಾಕು. ಶುರುವಾದದ್ದು 1957ರಲ್ಲಿ. ಅಕ್ಕಪಕ್ಕದವರು ಸದ್ದಿನ ವಿಚಾರಕ್ಕೆ ಕೋರ್ಟಿಗೆ ಹೋದದ್ದರಿಂದ ಭಾನುವಾರ ಇಲ್ಲಿ ರೇಸಿಲ್ಲ. ಇವತ್ತು ಅಭ್ಯಾಸ ಮುಗಿಯಿತು, ನಾಳೆ ರೇಸು.

ಬಂದವರೆಲ್ಲ ಹವ್ಯಾಸಿಗಳು. ಸಂಜೆ ಎಲ್ಲರ ಬಾಯಲ್ಲೂ ಟೈರಿನದೇ ಮಾತು. ಟೈರ್ ಅಂಗಡಿಯ ನಿಮ್ಮನ್ನು ನೆನೆದದ್ದು ಆಗಲೇ. ನಾವೂ ಎರಡು ಜೊತೆ ತಂದಿದ್ದೆವು: ಒಂದು ಟೋಯೋ ಆರ್‌ಎ1, ರೇಡಿಯಲ್; ಇನ್ನೊಂದು ಹೂಸಿಯರ್‌ನವರದು, ಪದರಗಳು ಅಡ್ಡಡ್ಡ ಹಾಯ್ದಿರುವ ಹಳೇ ಕಾಲದ ಕಟ್ಟಿನದು. ನಮ್ಮ ಲಾರಿಯವರು ನೈಲಾನ್ ಅನ್ನುತ್ತಾರಲ್ಲ, ಅದೇ ಜಾತಿ.

ರೇಡಿಯಲ್ ಹಿಡಿತ ಅದ್ಭುತ. ಆದರೆ ಹಿಡಿದಷ್ಟು ಹೊತ್ತು ಹಿಡಿದು ಥಟ್ಟನೆ ಬಿಟ್ಟುಬಿಡುತ್ತದೆ. ನೈಲಾನ್ ಹಾಗಲ್ಲ. ತಿರುವಿನಲ್ಲಿ ಮೊದಲೇ ಸ್ವಲ್ಪ ಸ್ವಲ್ಪ ಜಾರತೊಡಗುತ್ತದೆ, ಜಾರುತ್ತಲೇ ಹಿಡಿದಿರುತ್ತದೆ. ಸ್ಟೇರಿಂಗ್ ತಿದ್ದಿಕೊಳ್ಳಲು ಪುರುಸೊತ್ತು ಸಿಗುತ್ತದೆ.

ಇಲ್ಲಿ ಒಂದೇ ಒಂದು ಎಡ ತಿರುವು, ಮಿಕ್ಕಿದ್ದೆಲ್ಲ ಬಲಕ್ಕೆ. ಹಾಗಾಗಿ ಭಾರವೆಲ್ಲ ಎಡಗಡೆ ಟೈರುಗಳ ಮೇಲೆ. ಗಾಡಿ ಟ್ರ್ಯಾಕಿನಿಂದ ಒಳಗೆ ಬಂದ ಕೂಡಲೇ ಸೂಜಿ ಮೊನೆಯ ಥರ್ಮಾಮೀಟರನ್ನು ರಬ್ಬರಿಗೆ ಚುಚ್ಚಿ ಒಳ ಅಂಚು, ನಡು, ಹೊರ ಅಂಚು ಮೂರೂ ಕಡೆ ಬಿಸಿ ನೋಡುವುದು ನನ್ನ ಕೆಲಸ. ನಡು ಹೆಚ್ಚು ಬಿಸಿಯಾದರೆ ಗಾಳಿ ಜಾಸ್ತಿ. ಎರಡೂ ಅಂಚು ಹೆಚ್ಚು ಬಿಸಿಯಾದರೆ ಗಾಳಿ ಸಾಲದು. ರೇಡಿಯಲ್ ಹಾಕಿದಾಗ ಮುಂದಿನ ಎಡ ಚಕ್ರದ ಹೊರ ಅಂಚೇ ಕಾದಿತ್ತು. ರೇಡಿಯಲ್ ಪೂರ್ತಿ ನೆಲಕ್ಕೆ ಕೂರಬೇಕಾದರೆ ಚಕ್ರದ ತಲೆ ಒಳಕ್ಕೆ ವಾಲಿರಬೇಕು. ಆದರೆ 1962ರಲ್ಲಿ ಮಾರುಕಟ್ಟೆಗೆ ಬಂದ ಎಂಜಿಬಿಯ ಮುಂದಿನ ಚಕ್ರಗಳು ಹೆಚ್ಚುಕಡಿಮೆ ನೆಟ್ಟಗೇ ನಿಲ್ಲುತ್ತವೆ. ನೈಲಾನ್‌ಗೆ ಅಷ್ಟೇ ಸಾಕು. ಅದು ಮೂರೂ ಕಡೆ ಸಮನಾಗಿ ಬಿಸಿಯಾಗಿತ್ತು.

ಸವೆದ ಟೈರಿಗೆ ಬಟನ್ ಕೂರಿಸುವುದೇ ಕಸುಬಾಗಿರುವ ನಿಮಗೆ ಇದು ಆಶ್ಚರ್ಯವಾದೀತು: ಇಲ್ಲಿ ಹೊಸ ಟೈರಿನ ಬಟನ್ನನ್ನೇ ಮೆಷಿನ್ನಿಗೆ ಕೊಟ್ಟು ಹೆರೆಸುತ್ತಾರೆ. ಎತ್ತರದ ಬಟನ್ ತಿರುವಿನಲ್ಲಿ ಓಲಾಡಿ, ಕಾದು, ಚೂರುಚೂರಾಗಿ ಕಿತ್ತು ಬರುತ್ತದಂತೆ. ಟೈರಿನ ವಯಸ್ಸನ್ನೂ ನೋಡುತ್ತಾರೆ. ಪಕ್ಕದಲ್ಲಿ 2319 ಅಂತಿದ್ದರೆ ಅದು 2019ರ 23ನೇ ವಾರದ್ದು. ಬಟನ್ ಎಷ್ಟೇ ಉಳಿದಿರಲಿ, ಕಾದು ಆರಿ, ಮತ್ತೆ ಕಾದು ಆರಿ, ರಬ್ಬರು ಗಟ್ಟಿಯಾಗುತ್ತಾ ಹೋಗುತ್ತದೆ.

ಗಡಿಯಾರ ನೋಡಿದರೆ ರೇಡಿಯಲ್ಲೇ ಮುಂದು. ಆದರೂ ನಾಳೆಗೆ ನೈಲಾನೇ ಹಾಕೋಣ ಎಂದೆ, ಗೆಳೆಯನೂ ಒಪ್ಪಿದ. ಟೈರ್ ಹಿಡಿದಷ್ಟೂ ಆ ಬಲ ಕಡ್ಡಿ ಚಕ್ರಕ್ಕೆ, ಬೇರಿಂಗಿಗೆ, ಆಕ್ಸಲ್ಲಿಗೆ ಹೋಗುತ್ತದೆ. ಬಿಗ್ ಬೆಂಡ್ ಎಂಬ ಉದ್ದನೆಯ ಬಲ ತಿರುವಿನಲ್ಲಿ ಇಂಜಿನ್ ಚೇಂಬರಿನ ಆಯಿಲ್ಲೆಲ್ಲ ಒಂದೇ ಮಗ್ಗುಲಿಗೆ ಸರಿದು ಪಂಪಿಗೆ ಸಿಗದೆ ಹೋದರೆ ಬೇರಿಂಗ್ ಸುಟ್ಟಂತೆಯೇ. ಈ ಕಾರನ್ನು ಕಟ್ಟಿದವರು ಇಂಥ ಹಿಡಿತವನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಹಳೇ ಗಾಡಿಗೆ ಒಳ್ಳೇ ಟೈರ್ ಅಂದರೆ ಅದರ ಮೂಳೆ ತಾಳುವಷ್ಟೇ ಹಿಡಿಯುವುದು, ಬಿಡುವ ಮುಂಚೆ ಓಡಿಸುವವನಿಗೆ ತಿಳಿಸುವುದು. ಕೆಲವು ಸೆಕೆಂಡು ಹಿಂದೆ ಬಿದ್ದರೂ ಅರವತ್ತರ ದಶಕದ ಕಾರೊಂದು ಮುಂದಿನ ವರ್ಷವೂ ಓಡಬೇಕೆಂಬುದೇ ನನ್ನ ಆಸೆ.

ನಿಮ್ಮ ಅಂಗಡಿಗೆ ಬರುವ ಹಳೇ ಲಾರಿಗಳಲ್ಲೂ ಇದೇ ಅನುಭವವೇ? ರೇಡಿಯಲ್ ಹಾಕಿದ ಮೇಲೆ ಅವುಗಳ ಬೇರಿಂಗು, ಆಕ್ಸಲ್ಲು ಹೇಗಿವೆ? ವಿವರವಾಗಿ ಬರೆಯಿರಿ, ಗೆಳೆಯನಿಗೂ ಓದಿ ಹೇಳುತ್ತೇನೆ.

ಇಂತಿ ನಿಮ್ಮ ಮಗ,
ಪ್ರಕಾಶ